ಪೂನಮ್ ಹಿಡಿದ ಶ್ರುತಿ

ಜುಲೈ ೧೪, ಭಾನುವಾರ. ರಾಮದುರ್ಗ

ಇವತ್ತು ಚರ್ಚಿನಲ್ಲಿ ಆರಾಧನೆ ಮುಗಿಯುವವರೆಗೂ ನನ್ನ ಹಾರ್ಮೋನಿಯಂ ಪೇಟಿ ಮುಚ್ಚಿಯೇ ಇತ್ತು. ಪಾಸ್ಟರ್ ಅವರ ಹೊಸ ಸೊಸೆ ಪೂನಮ್ ಕೀಬೋರ್ಡ್ ನುಡಿಸಿದಳು. ಎಲ್ಲಾದರೂ ತಪ್ಪಲಿ ಎಂದು ಕಣ್ಣು ಮುಚ್ಚಿ ಕಾಯುತ್ತಿದ್ದೆ. ಪಕ್ಕದವರು ಅದನ್ನು ಭಕ್ತಿ ಅಂದುಕೊಂಡಿರಬೇಕು. ತಪ್ಪಲಿಲ್ಲ. ಅಪ್ಪನ ಕಾಲದಿಂದ ನಾವು ಹಿಡಿಯುವ ಎತ್ತರದ ಶ್ರುತಿ ಬಿಟ್ಟು ತಗ್ಗಿನಲ್ಲಿ ಮೊದಲ ಹಾಡು ಶುರು ಮಾಡಿದಳು. ಇದೇನು ಹಾಡೋ ಗೊಣಗಾಟವೋ ಅನ್ನಿಸಿತು. ಆದರೆ ಇಡೀ ಸಭೆ ಬಾಯಿ ತೆರೆದು ಹಾಡಿತು. ಹಿಂದಿನ ಚಾಪೆಯ ಮುದುಕಿಯರೂ!

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಸುಂದರವ್ವ ದೊಡ್ಡವ್ವ ನನ್ನ ಕೈ ಹಿಡಿದಳು.

"ಭೀಮಶಿ, ನಿನ್ನ ಪೇಟಿ ಹಿಂದ ಚೀರಿ ಚೀರಿ ನಮ್ಮ ಗಂಟಲ ಹರೀತಿತ್ತೋ ಯಪ್ಪಾ. ನಿನಗ ಕೆಟ್ಟ ಅನಸ್ತದಂತ ಯಾರೂ ಅಂದಿಲ್ಲ. ಆ ಹುಡುಗಿ ಬಂದು ನಮ್ಮನ್ನ ಉಳಿಸಿದ್ಳ ನೋಡ."

ಪೇಟಿ ಹೊತ್ತು ಮನೆಗೆ ಬಂದೆ, ಊಟ ಸೇರಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಪೇಟಿ ತೆಗೆದೆ. ಅವಳ ತಗ್ಗಿನ ಶ್ರುತಿಯಲ್ಲೇ ಅದೇ ಹಾಡನ್ನು ಮೆಲ್ಲಗೆ ಹಾಡಿದೆ. ಹಾಳಾದ್ದು, ನನಗೂ ಎಷ್ಟು ಸಲೀಸಾಗಿ ಬಂತು!

ಅವಳಿಗೆ ಮಾತ್ರ ಸತ್ತರೂ ಹೇಳುವುದಿಲ್ಲ.