ಕೊರಳಲ್ಲಿ ಎರಡು ಕರಡಿಗೆ

ಹ್ಯಾಮಿಲ್ಟನ್, ನ್ಯೂಜಿಲೆಂಡ್
3 ನವೆಂಬರ್ 2024

ಪ್ರೀತಿಯ ಚೈತ್ರಕ್ಕನಿಗೆ,

ಹೇಗಿದ್ದೀಯ? ಭಾವನ ಮಂಡಿನೋವು ಹೇಗಿದೆ? ಮಕ್ಕಳು ಬೆಳಗ್ಗೆ ಸ್ಕೂಲಿಗೆ ಹೊರಡುವಾಗ ಈಗಲೂ ರಂಪ ಮಾಡುತ್ತಾರಾ? ನೀನು ಫೋನ್ ಮಾಡಿದಾಗಲೆಲ್ಲ ‘ಆಮೇಲೆ ಮಾಡ್ತೀನಿ’ ಅಂತ ಮೆಸೇಜು ಹಾಕಿ ಹಾಕಿ ನನಗೇ ನಾಚಿಕೆಯಾಗಿದೆ. ಬೈಯಬೇಡ. ಮಾತಾಡೋಣವೆಂದರೆ ಅಮ್ಮ ದಿನವೂ ದೇವನೂರಿನಿಂದ ಬಸ್ಸು ಹತ್ತಿ ಬಂದು ನಂಜನಗೂಡಿನ ನಿಮ್ಮ ಬಟ್ಟೆ ಅಂಗಡಿಯಲ್ಲಿ ಕೂತಿರುತ್ತಾಳೆ. ಸ್ಪೀಕರ್ ಹಾಕದಿದ್ದರೆ ಅವಳಿಗೆ ಕೇಳುವುದಿಲ್ಲ, ಹಾಕಿದರೆ ಬೀದಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ. ಇಲ್ಲಿನ ಗೆಳತಿ ಪಲ್ಲವಿ ತನ್ನ ತಮ್ಮನ ಮದುವೆಗೆ ಊರಿಗೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಗಿರಾಕಿ ಇಲ್ಲದ ಹೊತ್ತು ನೋಡಿ ಒಬ್ಬಳೇ ಓದು.

ಕೂಸು ಹೋದ ಮೇಲೆ ನಾನು ಮನೆ ಬಿಟ್ಟು ಹೊರಗೆ ಹೋಗಿದ್ದು ಹೋದ ವಾರವೇ. ಇಲ್ಲಿ ಸೋಮವಾರವೂ ಸೇರಿ ರಜೆಯಿತ್ತು. ಪಲ್ಲವಿಯ ಗಂಡ ಮದನ್ ತಿ. ನರಸೀಪುರದವನು, ನಮ್ಮನೆಯವರ ಜೊತೆ ಒಂದೇ ಡೈರಿ ಫಾರಂನಲ್ಲಿ ಕೆಲಸ ಮಾಡುತ್ತಾನೆ. ಊರಲ್ಲಿ ಎರಡು ಎಮ್ಮೆ ಹಾಲು ಕರೆಯಲು ಗೊಣಗುತ್ತಿದ್ದ ಗಂಡಸರು ಇಲ್ಲಿ ನೂರಾರು ಹಸುಗಳ ಸೇವೆ ಮಾಡಿಕೊಂಡಿದ್ದಾರೆ, ಬಿಡು. ಆ ಮದನ್ ಬಂದು, “ದಿವ್ಯಕ್ಕನ್ನ ಇನ್ನೂ ಎಸ್ಟ್ ದಿನ ಗ್ವಾಡ ನೋಡ್ಕಂಡ್ ಕೂರುಸ್ಕಂಡಿದ್ದಯಣ್ಣ? ಟೆಂಟ್ ಆಕಣ, ಎರಡು ದಿನ ಇದ್ಬುಟ್ ಬರಣ, ನಡಿ” ಅಂದ. ನನ್ನನ್ನು ಕೇಳಿದವರಿಲ್ಲ. ಮೂಟೆಯ ಹಾಗೆ ವ್ಯಾನಿನಲ್ಲಿ ಕೂರಿಸಿದರು, ಕೂತೆ.

ದಾರಿಯುದ್ದಕ್ಕೂ ಹಸಿರು ಗುಡ್ಡ, ಕುರಿ, ಮತ್ತೆ ಗುಡ್ಡ, ಮತ್ತೆ ಕುರಿ. ಚೆನ್ನಾಗಿರುವುದನ್ನು ಕಂಡರೆ ಈಗ ನನಗೆ ಸಿಟ್ಟು ಬರುತ್ತದೆ ಅಕ್ಕ. ಎರಡು ಹೊಳೆ ಕೂಡುವ ಜಾಗದಲ್ಲಿ ಒಂದು ಕ್ಯಾಂಪ್ ಗ್ರೌಂಡಿತ್ತು. ಟೆಂಟು ಹಾಕಲು ಇಬ್ಬರು ಗಂಡಸರೂ ಮಧ್ಯಾಹ್ನವೆಲ್ಲ ಗುದ್ದಾಡಿದರು. ಟೆಂಟು ನಿಂತ ಮೇಲೂ ಒಂದು ಕೋಲು ಮಿಕ್ಕಿತ್ತು. ಅದು ಎಲ್ಲಿಗೆ ಸೇರಬೇಕೆಂದು ಯಾರಿಗೂ ತಿಳಿಯಲಿಲ್ಲ. ಮದನ್ ಅದನ್ನೇ ತೊಳೆದು ಗ್ಯಾಸ್ ಒಲೆಯ ಮೇಲೆ ಮುದ್ದೆ ತಿರುವಲು ಕೂತ. ಮುದ್ದೆ ಬರೀ ಗಂಟು. ಪಕ್ಕದ ಟೆಂಟಿನ ಬಿಳಿಯ ಮುದುಕ ಬಂದು ಬಹಳ ಹೊತ್ತು ನೋಡಿ, ಸಿಮೆಂಟೇ ಎಂದು ಕೇಳಿದ. ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ನೋಡುತ್ತೇನೆ, ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ತಟ್ಟೆ ಪಕ್ಕಕ್ಕಿಟ್ಟು ಟೆಂಟಿನೊಳಗೆ ಹೋದೆ.

ಮಾರನೆಯ ಬೆಳಗ್ಗೆ ಸ್ನಾನದ ಮನೆಯಲ್ಲಿ ಬಟ್ಟೆ ಬದಲಿಸುವಾಗ ಪಲ್ಲವಿ ನನ್ನ ಕೊರಳು ನೋಡಿದಳು. “ಇದ್ಯಾಕಕ್ಕ, ಎರಡು ಕರಡಿಗೆ?” ಅಂದಳು. ಒಂದು ನನ್ನದು, ಇನ್ನೊಂದು ನನ್ನ ಮಗಳದು ಎಂದೆ. ಪಲ್ಲವಿ ಗೌಡರ ಮನೆಯವಳು, ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಬಸುರಿಗೆ ಎಂಟು ತಿಂಗಳಾದಾಗ ಹೊಟ್ಟೆಯ ಕೂಸಿಗೂ ಲಿಂಗ ಕಟ್ಟುತ್ತಾರೆ, ಹುಟ್ಟುವ ತನಕ ಅದರ ಲಿಂಗವನ್ನು ಕರಡಿಗೆಯಲ್ಲಿಟ್ಟು ತಾಯಿಯೇ ಹೊತ್ತಿರುತ್ತಾಳೆ ಎಂದು ಹೇಳಿದೆ. ಅಮ್ಮ ಕಳಿಸಿದ್ದ ಪುಟ್ಟ ಬೆಳ್ಳಿ ಕರಡಿಗೆ, ಅಯ್ನೋರು ನಿಮ್ಮ ಅಂಗಡಿಯಲ್ಲೇ ಕೂತು ಫೋನಿನಲ್ಲಿ ಮಂತ್ರ ಹೇಳಿದ್ದು, “ಫೋನ ಒಟ್ಟ ತಾವುಕ್ ಇಡ್ದುಕವ್ವ, ಮೊಗೀಗ್ ಕೇಳ್ಬೇಕು” ಅಂದಿದ್ದು, ಹಿಂದೆ ನಿನ್ನ ನಗು ಕೇಳಿಸಿದ್ದು, ಎಲ್ಲ ನೆನಪಾಯಿತು. ಅವಳು ಒಳಗೆ ಒದ್ದಳು, ಅಕ್ಕ. ನಿಜವಾಗಲೂ ಒದ್ದಳು. ಆ ತಿಂಗಳು ಮುಗಿಯುವ ಮೊದಲೇ ಒದೆಯುವುದು ನಿಂತುಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನನ್ನು ಕೇಳಿದ್ದೆ, ಇದನ್ನು ಏನು ಮಾಡಲಿ ಎಂದು. “ಬುಚ್ಚಬ್ಯಾಡ ಕನವ್ವ, ನಿನ್ ಕೊಳ್ಳಲ್ಲೇ ಇರ್ಲಿ. ಮುಂದ್ಲ ಮೊಗೀಗ್ ಆಯ್ತದ” ಅಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ದಿನವೂ ಪೂಜೆಗೆ ಕೂತಾಗ ನನ್ನದನ್ನು ಅಂಗೈಯಲ್ಲಿ ಇಟ್ಟುಕೊಳ್ಳುತ್ತೇನೆ. ಕೂಸಿನದರ ಮುಚ್ಚಳ ತೆಗೆಯಲು ಧೈರ್ಯ ಬರುವುದಿಲ್ಲ.

ಸ್ನಾನ ಮುಗಿಸಿ ಹೊಳೆಯ ಹತ್ತಿರ ಬಂದರೆ ಅಮೃತೇಶ್ ಮತ್ತು ಮದನ್ ನೀರಿನ ಅಂಚಿನಲ್ಲಿ ನಿಂತಿದ್ದರು. ಅಮೃತೇಶರ ಕೈಯಲ್ಲಿ ರಾಗಿಹಿಟ್ಟಿನ ಚೀಲದ ಅಡಿಯಿಂದ ತೆಗೆದ ಒಂದು ಮರದ ಡಬ್ಬಿ. ಅಲ್ಲಿಗೆ ಯಾಕೆ ಕರೆತಂದರೆಂದು ಆಗ ತಿಳಿಯಿತು. ಅಕ್ಕ, ನಿಮಗೆಲ್ಲ ಮಣ್ಣು ಮಾಡಿದೆವು ಎಂದು ಹೇಳಿದ್ದು ಸುಳ್ಳು. ಕೂಸನ್ನು ಸುಟ್ಟರು. ನಾನು ಆಪರೇಷನ್ ಕೋಣೆಯಿಂದ ಹೊರಗೆ ಬಂದು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದೆ. ಆಸ್ಪತ್ರೆಯವರು ಇವರೊಬ್ಬರನ್ನೇ ಕೇಳಿದರು, ಇವರು ಸುಡಿ ಎಂದರು. ನಮ್ಮ ಮನೆತನದಲ್ಲಿ ಬೂದಿ ಕೈಗೆ ಬಂದರೆ ಏನು ಮಾಡಬೇಕೆಂದು ಯಾರಿಗೆ ಗೊತ್ತು? ಮನೆಯಲ್ಲಿ ಆ ಬೂದಿಯ ಡಬ್ಬಿ ಇಷ್ಟು ದಿನ ರಾಗಿ ಡಬ್ಬದ ಪಕ್ಕ ಕೂತಿತ್ತು. ಅವತ್ತಿನಿಂದ ಇವರ ಜೊತೆ ನಾನು ಸರಿಯಾಗಿ ಮಾತಾಡಿರಲಿಲ್ಲ.

“ಎಳೇ ಮೊಗ ನಮ್ಮಲ್ಲೂ ಸುಡಲ್ಲ ಕನಕ್ಕ” ಅಂದ ಮದನ್. “ಆದ್ರ ಸುಟ್ಟಾಗದಲ್ಲ. ಸುಟ್ಟ ಮೇಲ ನೀರ್ಗೇ ಬುಡದು. ನಮ್ಮೂರ್ ಸಂಗ್ಮ ಅಂದ್ಕಂಡು ಇಲ್ಲೇ ಬುಟ್ಬುಡಿ.”

ಅಮೃತೇಶ್ ಮುಚ್ಚಳಕ್ಕೆ ಕೈ ಹಾಕಿದ್ದರು. ಕ್ಯಾಂಪ್ ನೋಡಿಕೊಳ್ಳುವ, ಈ ನಾಡಿನ ಮೂಲದವರಾದ ಮಾವೋರಿ ಜನದ ಅಜ್ಜಿ ಆತುರಾತುರವಾಗಿ ಬಂದಳು. ಡಬ್ಬಿ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಬೈಯಲಿಲ್ಲ. “ನೀರಿಗೆ ಬೇಡ ಮಗಳೇ, ಈ ಹೊಳೆ ನಮಗೆ ಹಿರಿಯರಿದ್ದ ಹಾಗೆ. ಇದರ ಮೀನು ತಿಂದು ಬೆಳೆದವರು ನಾವು. ಸತ್ತವರನ್ನು ನಾವು ಮಣ್ಣಿಗೆ ಕೊಡುತ್ತೇವೆ” ಅಂದಳು. ನಾವೂ ಹಾಗೇ ಎಂದೆ. ಅವಳಿಗೆ ಸಂತೋಷವಾಯಿತು. ನನ್ನ ಕೈ ಹಿಡಿದುಕೊಂಡು, “ಹಾಗಾದರೆ ನಿಮ್ಮ ನೆಲದಲ್ಲೇ ಇಡಿ. ನಿಮ್ಮ ನೆಲ ಎಲ್ಲಿದೆ?” ಎಂದು ಕೇಳಿದಳು.

ನಾವಿರುವ ಮನೆ ಫಾರಂ ಮಾಲೀಕನದು. ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. ಆಗ ಅಮೃತೇಶ್ ಆ ಡಬ್ಬಿ ತಬ್ಬಿಕೊಂಡು ಕೂತುಬಿಟ್ಟರು. “ಮಣ್ ಮಾಡ್ಬುಟ್ಟು ನಾವ್ ಊರ್ಗೋಗ್ಬುಟ್ರ, ಅವಳೊಬ್ಳೇ ಇಲ್ಲಿರ್ಬೇಕಲ್ಲ ದಿವ್ಯಾ. ಸುಟ್ರ ಜೊತೇಲೇ ಎತ್ಕಂಡ್ ಓಗ್ಬೋದು ಅಂದ್ಕಂಡಿ ಕಣೇ” ಅಂದರು. ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದರು. ನನಗೆ ಅವರ ಮೇಲಿದ್ದ ಸಿಟ್ಟು ಹೋಯಿತು. ಸಿಟ್ಟಾದರೂ ಇದ್ದಾಗ ದಿನ ದೂಡಬಹುದಿತ್ತು. ಈಗ ಅದೂ ಇಲ್ಲ. ಎಷ್ಟು ಖಾಲಿಯಾಗಿದೆ ಎಂದು ನಿನಗೆ ಹೇಗೆ ಹೇಳಲಿ?

ಟೆಂಟು ಕಿತ್ತು ಅವತ್ತೇ ಹೊರಟೆವು. ವ್ಯಾನಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವಳನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡದ್ದು ಅದೇ ಮೊದಲು.

ನೀನು ಒಂದು ಕೆಲಸ ಮಾಡಬೇಕು. ದೇವನೂರಿನ ಹೊಲದಲ್ಲಿ, ಅಜ್ಜಿಯ ಸಮಾಧಿ ಪಕ್ಕ ಒಂದು ಮೊಳ ಜಾಗ ಬಿಡು ಎಂದು ಅಪ್ಪನಿಗೆ ಹೇಳು. ಉಳುವಾಗ ಅಲ್ಲಿಗೆ ಟ್ರ್ಯಾಕ್ಟರ್ ಹತ್ತಿಸಬಾರದು. ರಜೆ ಸಿಕ್ಕಾಗ ಬಂದು ಬೂದಿ, ಕರಡಿಗೆ ಎರಡನ್ನೂ ಅಲ್ಲಿ ಇಡುತ್ತೇವೆ. ಬೂದಿಗೆ ಮಣ್ಣು ಕೊಡಬಹುದಾ ಎಂದು ಅಯ್ನೋರನ್ನು ಕೇಳು. ಆಗಲ್ಲ ಎಂದರೆ ನನಗೆ ತಿಳಿಸಬೇಡ, ಜಾಗ ಮಾತ್ರ ಬಿಡಿಸು.

ಭಾವನಿಗೆ, ಅಪ್ಪ ಅಮ್ಮನಿಗೆ ನಮಸ್ಕಾರ. ಮಕ್ಕಳಿಬ್ಬರೂ ನೂರು ಕಾಲ ಬಾಳಲಿ. ನಂಜುಂಡೇಶ್ವರ ಅವರನ್ನು ಚೆನ್ನಾಗಿಟ್ಟಿರಲಿ. ನನ್ನ ಪರವಾಗಿ ಇಬ್ಬರ ಕೆನ್ನೆಗೂ ಮುತ್ತು ಕೊಡು.

ನಿನ್ನ ತಂಗಿ,
ದಿವ್ಯ

ಮರೆತ ಮಾತು: ಪಲ್ಲವಿ ವಾಪಸು ಬರುವಾಗ ಅಮ್ಮ ಅಂಟಿನುಂಡೆ ಮಾಡಿ ಕಳಿಸುತ್ತಾಳಂತೆ. “ತಿಂದು ಸೊಂಟ ಗಟ್ಟಿ ಮಾಡ್ಕ, ಮುಂದ್ಲ ಮೊಗೀಗ್ ಬೇಕಾಯ್ತದ” ಅಂದಳು. ಮಾಡಬೇಡ ಎಂದು ಹೇಳು, ಅಕ್ಕ. ಅವತ್ತು ರಕ್ತ ನಿಲ್ಲಲೇ ಇಲ್ಲ. ಕೂಸಿನ ಜೊತೆ ನನ್ನ ಗರ್ಭಕೋಶವನ್ನೂ ತೆಗೆದರು. ಇವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಂಟಿನುಂಡೆ ಯಾಕೆ ಬೇಡ ಎಂದು ಅಮ್ಮ ಕೇಳುತ್ತಾಳೆ. ಆಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಹೇಳು. ನನ್ನ ಕೈಯಲ್ಲಿ ಆಗುವುದಿಲ್ಲ.