ನಿದ್ದೆ ಕೇಳಿದವರು

೮ ಜೂನ್ ೧೯೩೬, ಕೊರಟಗೆರೆ

ಡಿಸ್ಪೆನ್ಸರಿಯಲ್ಲಿ ಇವತ್ತೂ ಮಲೇರಿಯಾ. ಕ್ವಿನೈನ್ ಮುಗಿಯುತ್ತಾ ಬಂತು.

ಅಮಲ್ದಾರರ ಹುಕುಂ — ಸಿದ್ದರಬೆಟ್ಟದ ತಪ್ಪಲಿನಲ್ಲಿ ಅಡವಯ್ಯನೆಂಬ ನಾಟಿ ವೈದ್ಯ ಹುಚ್ಚರಿಗೆ ಬೇರು ಅರೆದು ಕುಡಿಸುತ್ತಾನಂತೆ. ಡಾಕ್ಟರು ನೋಡಿ ರಿಪೋರ್ಟು ಕೊಡಬೇಕು. ಅಪಾಯವೆಂದರೆ ನಿಲ್ಲಿಸುತ್ತಾರೆ.

ಮನೆಯಲ್ಲಿ ಜಗದಾಂಬಳ ಗೋಳು ನಿಂತಿಲ್ಲ. ಮಗು ಹೋದಾಗಿನಿಂದ ನನ್ನ ಹೆಂಡತಿಗೆ ಹಗಲು ರಾತ್ರಿ ಒಂದೇ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಅವ್ವನೂ ನಾನೂ ನಿದ್ದೆಗೆಟ್ಟು ಸರದಿ ಮೇಲೆ ಹಿಡಿದುಕೊಳ್ಳುತ್ತೇವೆ.

೧೧ ಜೂನ್

ಹೋಗಿ ಬಂದೆ. ಅಡವಯ್ಯ ಹುಚ್ಚರನ್ನು ಹುಣಸೆ ಮರದಡಿ ಸಾಲಾಗಿ ಕೂರಿಸಿದ್ದ. ಸರಪಳಿಯಿಲ್ಲ. ಕೂಗಾಟವಿಲ್ಲ. ಅಷ್ಟು ಜನರಿದ್ದೂ ಎಲೆ ಉದುರುವುದು ಕೇಳಿಸುತ್ತಿತ್ತು...

ಚಿಕ್ಕಕ್ಕ ಎಂಬಾಕೆ ಮಗ ಕಾಟಪ್ಪನನ್ನು ತೋರಿಸಿದಳು. "ಕೊಡ್ಲಿ ತಗಂಡು ಓಡಾಡ್ತಿದ್ದ ಸ್ವಾಮಿ. ಈಗ ಎಂಗೆ ಕುಂತವ್ನೆ ನೋಡಿ!"

ಮಗನ ಕಣ್ಣಗುಡ್ಡೆಯ ಮೇಲೆ ನೊಣ ಹರಿದಾಡುತ್ತಿತ್ತು. ರೆಪ್ಪೆ ಬಡಿಯಲಿಲ್ಲ.

"ಕಾಟಪ್ಪ" ಅಂದೆ. ನಕ್ಕ. ಪಕ್ಕದವನೂ ನಕ್ಕ. ಆಮೇಲೆ ಸಾಲಿಗೆ ಸಾಲೇ.

ಅಡವಯ್ಯನನ್ನು ಕೇಳಿದೆ — "ವಾಸಿಯಾಗೋದು ಯಾವಾಗ?"

"ವಾಸಿ ಮಾಡ್ತೀನಿ ಅಂತ ಯಾರಂದ್ರು? ಮನೆಯೋರು ನಿದ್ದೆ ಕೇಳಿದ್ರು. ಕೊಟ್ಟೆ."

"ಯಾವ ಬೇರು?"

"ಅದನ್ನ ಹೇಳಕಿಲ್ಲ."

೧೨ ಜೂನ್

ವಿಷವೆಂದು ಬರೆದೆ. ಸಂಜೆ ಪೊಲೀಸರು ಅವನ ಮಡಕೆಗಳನ್ನೆಲ್ಲ ಒಡೆದರಂತೆ. ಅವ್ವನಿಗೆ ಎಲ್ಲ ಹೇಳಿದೆ. "ಅಷ್ಟು ಸುಮ್ಕೆ ಕುಂತಿದ್ರಾ?" ಎಂದು ಎರಡೆರಡು ಸಲ ಕೇಳಿದಳು.

೨ ಜುಲೈ

ಚಿಕ್ಕಕ್ಕ ಬಂದಳು. ತೋಳಲ್ಲಿ ಹಲ್ಲಿನ ಗಾಯ. ಹಿಂದೆ ಹಗ್ಗ ಕಟ್ಟಿದ ಕಾಟಪ್ಪ.

"ಬೇರು ನಿಲ್ಸಿದ್ರಿ. ನೀವೇನು ಕೊಡ್ತೀರಾ?"

ಮಂಪರು ಬರಿಸುವ ಬ್ರೋಮೈಡ್ ಕೊಟ್ಟೆ. ನನ್ನಲ್ಲಿರುವುದು ಅದೊಂದೇ.

ಕಾಟಪ್ಪ ನನ್ನ ಕೈ ಹಿಡಿದುಕೊಂಡ. "ಎಲ್ಲಾ ಗೊತ್ತಾಯ್ತಿತ್ತು ಸ್ವಾಮಿ. ನೊಣ ಕುಂತಿದ್ದು, ನೀವು ಕರ್ದಿದ್ದು. ಒಳಗೊಳಗೇ ಅರಚ್ಕತಿದ್ದೆ. ಮಕ ಮಾತ್ರ ನಗ್ತಿತ್ತು... ಅದು ನನ್ನ ನಗು ಅಲ್ಲ."

ತಾಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು.

೫ ಜುಲೈ, ಮಧ್ಯಾಹ್ನ

ಊಟಕ್ಕೆ ಬಂದೆ. ಮನೆಯಲ್ಲಿ ಸದ್ದಿಲ್ಲ. ಅವ್ವ ಹೊಸಲಿನ ಮೇಲೆ ತೂಕಡಿಸುತ್ತಿದ್ದಳು — ಎಷ್ಟು ಕಾಲಕ್ಕೆ!

"ಅಡವಯ್ಯ ಕದ್ದು ಕೊಟ್ಟ ಕಣಪ್ಪ. ಬೆಳಿಗ್ಗೆ ಅವಳ ಹಾಲಲ್ಲಿ ಹಾಕಿದೆ. ಬೈಬ್ಯಾಡ. ನೀನೂ ವಸಿ ಮಲಕ್ಕೊ."

ಜಗದಾಂಬ ಕಂಬಕ್ಕೆ ಒರಗಿ ಕೂತಿದ್ದಾಳೆ. ಹೆಸರು ಹಿಡಿದು ಕರೆದೆ. ನಕ್ಕಳು.

ಹೊಟ್ಟೆ ತೊಳೆಯುವ ರಬ್ಬರ್ ನಳಿಗೆ ಡಿಸ್ಪೆನ್ಸರಿಯಲ್ಲಿದೆ. ತಡವಾಯಿತೋ ಏನೋ, ಆದರೂ ಈಗಲೇ ತರಬೇಕು. ಎದ್ದೆ. ಮತ್ತೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೊಳಗೇ ಅವಳು... ಗೊತ್ತು ನನಗೆ. ಹೋಗುತ್ತೇನೆ. ಮನೆ ಎಷ್ಟು ತಣ್ಣಗಿದೆ. ಕಣ್ಣು ಎಳೆಯುತ್ತಿದೆ. ಒಂದು ಗಳಿಗೆ, ಒಂದೇ —