ಬಾನೆಟ್ ಮೇಲೆ ಒಣಗಿದ ಜರೀಗಿಡ

ಸಾಗರ
೧೨ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಧನ್ಯಾ,

ನೀನು ತೀರ್ಥಹಳ್ಳಿಯ ತವರಿಗೆ ಹೋಗಿ ಇಪ್ಪತ್ತು ದಿನವಾಯಿತು. ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಮೊದಲೇ ಬರೆಯಬೇಕಿತ್ತು, ಸ್ಟೇರಿಂಗ್ ಹಿಡಿಯುವ ಕೈಗೆ ಪೆನ್ನು ಒಗ್ಗುವುದಿಲ್ಲ, ಬೈಯಬೇಡ. ಅತ್ತೆಯ ಮಂಡಿನೋವು ಹೇಗಿದೆ?

ನಿನ್ನ ಸಂಶೋಧನೆಯ ಜರೀಗಿಡದ ಸುದ್ದಿಯನ್ನು ಹೆದರಿಕೊಂಡೇ ಹೇಳುತ್ತಿದ್ದೇನೆ. ಒಂದನೇ ತಟ್ಟೆಯನ್ನು ನೀನೇ ಒಣಗಿಸಿಟ್ಟು ಹೋಗಿದ್ದೆ. ಎರಡನೆಯದನ್ನು ನೆರಳಲ್ಲಿಟ್ಟು, ಬಟ್ಟೆ ಮುಚ್ಚಿ, ಹದಿನೈದು ದಿನ ನಿಧಾನ ಒಣಗಿಸಿ ಎಂದು ಚೀಟಿ ಬರೆದಿಟ್ಟಿದ್ದೆ. ವಾರವಾದರೂ ಒಣಗಲಿಲ್ಲ. ನನ್ನ ತಾಳ್ಮೆ ನಿನಗೆ ಗೊತ್ತಲ್ಲ! ತಟ್ಟೆ ಎತ್ತಿ ಬಸ್ಸಿನ ಇಂಜಿನ್ ಬಾನೆಟ್ ಮೇಲಿಟ್ಟೆ. ಹೊಸನಗರ ದಾಟುವಷ್ಟರಲ್ಲಿ ಮುರುಟಿತು, ತೀರ್ಥಹಳ್ಳಿ ಮುಟ್ಟುವಾಗ ಹಪ್ಪಳ. ಹದಿನೈದು ದಿನದ ಕೆಲಸವನ್ನು ಒಂದೇ ಟ್ರಿಪ್ಪಿನಲ್ಲಿ ಮುಗಿಸಿದೆ ಎಂದು ಬೀಗಿದೆ. ಥೂ, ನನ್ನ ಹೆಮ್ಮೆಗಿಷ್ಟು ಬೆಂಕಿ ಹಾಕ!

ನಿನ್ನೆ ಬೆಳಿಗ್ಗೆ, ಚೀಟಿಯಲ್ಲಿದ್ದಂತೆ, ಎರಡಕ್ಕೂ ನೀರು ಹಾಕಿದೆ. ನನ್ನನ್ನು ಕರೆಯಲು ಮನೆಗೆ ಬಂದಿದ್ದ ಕಂಡಕ್ಟರ್ ಗಣೇಶ್ ನಕ್ಕ. "ಎಂತ ಅಣ್ಣಾ, ಸತ್ತಿದ್ದಕ್ಕೆ ನೀರ್ ಹಾಕ್ತೀರಲ್ಲ!" ಎಂದ. ಸಂಜೆ ಬಂದು ನೋಡಿದರೆ, ಅಬ್ಬಾ, ನಿನ್ನ ತಟ್ಟೆಯ ಮುದುಡಿದ ಎಲೆಗಳೆಲ್ಲ ಬಿಚ್ಚಿಕೊಂಡು ಹಸಿರಾಗಿವೆ! ನನ್ನ ತಟ್ಟೆಯಲ್ಲಿ ಒಂದೂ ಅಲುಗಿಲ್ಲ. ಇವತ್ತು ರಜೆ ಹಾಕಿ ಅದರ ಮುಂದೆಯೇ ಕುಳಿತಿದ್ದೇನೆ. ಎಲೆ ಕಪ್ಪಾಗಿ ಕೊಳೆಯತೊಡಗಿದೆ. ಸೋಮವಾರ ನಿನ್ನ ಗೈಡ್ ಮೇಡಂ ಎರಡೂ ತಟ್ಟೆ ನೋಡಲು ಬರುತ್ತಾರೆ. ನಿನ್ನ ಎರಡು ವರ್ಷದ ಶ್ರಮವನ್ನು ನಾನೇ ಮಣ್ಣುಪಾಲು ಮಾಡಿದೆನಾ?

ಹಿಂದೊಮ್ಮೆ ನೀನು ಹೇಳಿದ್ದು ಈಗ ನೆನಪಾಗುತ್ತಿದೆ. "ನಿಧಾನ ಒಣಗಿದ್ರೆ ಅದು ಒಳಗೊಳಗೇ ಸಕ್ಕರೆ ಕೂಡಿಟ್ಕೊಂಡು ತಯಾರಾಗ್ತದೆ ಕಣ್ರೀ. ಅವಸರ ಮಾಡಿದ್ರೆ ಅದಕ್ಕೆ ಪುರುಸೊತ್ತೇ ಸಿಗಲ್ಲ" ಎಂದಿದ್ದೆ. ನಾನು ಹೂಂ ಎನ್ನುತ್ತಾ ಮೊಬೈಲ್ ನೋಡುತ್ತಿದ್ದೆ.

ಮೇಡಂಗೆ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. "ಧನ್ಯಶ್ರೀನೇ ಬಂದು ಹೇಳ್ಲಿ" ಎಂದು ಇಟ್ಟುಬಿಟ್ಟರು.

ನಾಳೆ ಗಣೇಶನ ಕೈಲಿ ಈ ಕಾಗದವನ್ನೂ ಬದುಕಿದ ತಟ್ಟೆಯನ್ನೂ ಕಳಿಸುತ್ತೇನೆ, ಬಸ್ ಸ್ಟ್ಯಾಂಡಿನಿಂದ ಆಟೋದವರ ಹತ್ತಿರ ಮನೆಗೆ ಮುಟ್ಟಿಸುತ್ತಾನೆ. ಸೋಮವಾರ ಮೇಡಂ ಬರುವುದರೊಳಗೆ ತಟ್ಟೆ ಇಲ್ಲಿಗೆ ವಾಪಸ್ ಬಂದರೆ ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ರವೀಂದ್ರ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಮ್ಮ ಮಗು ಹೊಟ್ಟೆಯಲ್ಲೇ ಹೋದ ನಾಲ್ಕನೇ ದಿನ, "ಅತ್ತಿದ್ ಸಾಕು, ಎದ್ದು ಕಾಲೇಜಿಗೆ ಹೋಗು" ಎಂದವನು ನಾನು. ನನಗೆ ಬಸ್ಸಿನ ಹೊತ್ತಾಗಿತ್ತು. ನೀನು ಅಳು ನಿಲ್ಲಿಸಿದೆ, ನನ್ನ ಹತ್ತಿರ ಮಾತನ್ನೂ ನಿಲ್ಲಿಸಿದೆ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ದಿನಾ ಎಂಟು ನಿಮಿಷ ನಿಲ್ಲುತ್ತೇನೆ. ನಿಮ್ಮ ಮನೆ ಹತ್ತು ನಿಮಿಷದ ದಾರಿ. ನಾಡಿದ್ದು ಶುಕ್ರವಾರ ಬಸ್ಸು ಬೇರೆಯವರು ಓಡಿಸುತ್ತಾರೆ. ನಾನು ಮನೆಗೇ ಬರುತ್ತೇನೆ. ನೀನು ಎಷ್ಟು ಹೊತ್ತು ಅತ್ತರೂ ಗಡಿಯಾರ ನೋಡುವುದಿಲ್ಲ.